ಸತ್ತವರಿಗಾಗಿ ಇನ್ನೇನು ಮಾಡುವುದು? ಆರಂಭದ ಪ್ರಾಟೆಸ್ಟಂಟರು ಮತ್ತು ಸಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಧರ್ಮಸುಧಾರಣೆ ಅಂದಕೂಡಲೇ ಶಾಲೆಯ ಚರಿತ್ರೆ ಪುಸ್ತಕದ ಒಂದು ಪುಟ ನೆನಪಾಗುತ್ತದೆ. ಲೂಥರ್, ಚರ್ಚಿನ ಬಾಗಿಲು, 95 ವಾದಗಳು, ಎರಡು ಅಂಕದ ಪ್ರಶ್ನೆ. ಆದರೆ ಆ ಜಗಳದ ಬುಡದಲ್ಲಿ ಇದ್ದದ್ದು ಮನೆಮನೆಯ ವಿಷಯ. ಅಪ್ಪ ತೀರಿಕೊಂಡರು, ಈಗ ಅವರಿಗಾಗಿ ನಾನೇನು ಮಾಡಬೇಕು? ಈ ಪ್ರಶ್ನೆಗೆ ಶತಮಾನಗಳಿಂದ ಒಂದು ಉತ್ತರ ಇತ್ತು. ರೋಮಿನ ಕ್ಯಾಥೋಲಿಕ್ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟಂಟರು ಅದನ್ನು ತೆಗೆದುಹಾಕಿದರು. ಖಾಲಿಯಾದ ಜಾಗಕ್ಕೆ ಏನೇನು ಬಂತು ಅನ್ನುವುದೇ ಇಲ್ಲಿನ ಕಥೆ.

ಅಂದಹಾಗೆ, ಪ್ರಶ್ನೆ ಕೇಳಿ ಉತ್ತರ ಹೇಳುವ ಈ ರೂಪ ಅವರಿಗೂ ಬಲು ಇಷ್ಟ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಅದರ ಮೊದಲ ಪ್ರಶ್ನೆಯೇ ಸಾವಿನದು: ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಒಂದೇ ಸಮಾಧಾನ ಯಾವುದು? ನಾನು ನನ್ನವನಲ್ಲ, ದೇಹ ಆತ್ಮ ಎರಡೂ ಕ್ರಿಸ್ತನಿಗೆ ಸೇರಿದವು ಎಂದು ಉತ್ತರ ಶುರುವಾಗುತ್ತದೆ.

"ಆರಂಭದ ಪ್ರಾಟೆಸ್ಟಂಟರು" ಅಂದರೆ ಯಾರು?

ಇಲ್ಲಿ ಹೇಳುತ್ತಿರುವುದು 1517ರಿಂದ ಹೆಚ್ಚುಕಡಿಮೆ 1730ರವರೆಗಿನ ಮಾತು. ಜರ್ಮನಿಯ ಲೂಥರನ್ನರು, ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಮತ್ತು ಕಾಲ್ವಿನ್ ಕಡೆಯವರು, ಇಂಗ್ಲೆಂಡಿನ ಚರ್ಚ್, ಸ್ಕಾಟ್ಲೆಂಡಿನವರು, ಚರ್ಚನ್ನು ಇನ್ನೂ ಶುದ್ಧ ಮಾಡಬೇಕೆಂದು ಹಟ ಹಿಡಿದು ಅಮೆರಿಕಕ್ಕೆ ಹಡಗು ಹತ್ತಿದ ಪ್ಯೂರಿಟನ್ನರು. ಇವರಲ್ಲಿ ಒಮ್ಮತ ಇತ್ತು ಅಂದುಕೊಳ್ಳಬೇಡಿ. ರೊಟ್ಟಿ, ದ್ರಾಕ್ಷಾರಸ, ಚಿತ್ರ, ವಾದ್ಯ, ಎಲ್ಲದಕ್ಕೂ ಕಿತ್ತಾಡಿದವರು. ಪರ್ಗೆಟರಿ ಎಂಬ ಜಾಗವೇ ಇಲ್ಲ ಅನ್ನುವ ವಿಷಯದಲ್ಲಿ ಮಾತ್ರ ಒಂದಾದರು.

ಪರ್ಗೆಟರಿ ಅಂದರೆ ಏನು? ಅದಕ್ಕೆ ಅಷ್ಟೊಂದು ಮಹತ್ವ ಯಾಕೆ?

ತೀರಾ ಒಳ್ಳೆಯವರು ನೇರ ಸ್ವರ್ಗಕ್ಕೆ, ತೀರಾ ಕೆಟ್ಟವರು ನರಕಕ್ಕೆ. ಸರಿ. ಈ ಎರಡಕ್ಕೂ ಸೇರದ ನಮ್ಮ ನಿಮ್ಮಂಥವರು? ಅವರಿಗಾಗಿ ಇದ್ದದ್ದೇ ಪರ್ಗೆಟರಿ. ಆತ್ಮ ಬೆಂದು ಶುದ್ಧಿಯಾಗಿ ಮೇಲಕ್ಕೆ ಹೋಗುವ ಜಾಗ. ಅಲ್ಲಿ ಎಷ್ಟು ಕಾಲ ಬೇಯಬೇಕು ಅನ್ನುವುದು ಬದುಕಿರುವವರ ಕೈಯಲ್ಲೂ ಸ್ವಲ್ಪ ಇತ್ತು. ಅವರ ಹೆಸರಿನಲ್ಲಿ ಬಲಿಪೂಜೆ ಮಾಡಿಸಿದರೆ, ಪ್ರಾರ್ಥಿಸಿದರೆ, ಬಡವರಿಗೆ ಕೊಟ್ಟರೆ ಬಿಡುಗಡೆ ಬೇಗ. ಉಳ್ಳವರು ತಾವು ಸತ್ತಮೇಲೂ ಪೂಜೆ ನಿಲ್ಲದಿರಲಿ ಎಂದು ಹೊಲ, ಮನೆ ಬರೆದಿಡುತ್ತಿದ್ದರು. ತಿಥಿ ಮಾಡುವ ಮನೆಯಲ್ಲಿ ಬೆಳೆದವರಿಗೆ ಇದರ ತತ್ವ ಬೇರೆ ಅನಿಸಬಹುದು, ಆದರೆ ಇದರ ಹಿಂದಿನ ಮನಸ್ಸು ಗೊತ್ತಾಗುತ್ತದೆ.

ಇದು ಎಲ್ಲಿಗೆ ಮುಟ್ಟಿತ್ತು ಅಂತ ನೋಡಬೇಕಾದರೆ ಲೂಥರನ ಊರಾದ ವಿಟೆನ್‌ಬರ್ಗ್‌ಗೇ ಹೋಗಬೇಕು. ಅಲ್ಲಿನ ದೊರೆ ಫ್ರೆಡರಿಕ್ ಕೋಟೆಯ ಚರ್ಚಿನಲ್ಲಿ ಸಂತರ ಮೂಳೆ, ಕೂದಲು, ಬಟ್ಟೆಚೂರು ಎಂದೆಲ್ಲ ಸುಮಾರು 19 ಸಾವಿರ ಅವಶೇಷಗಳನ್ನು ಕೂಡಿಹಾಕಿದ್ದ. ಭಕ್ತಿಯಿಂದ ಎಲ್ಲವನ್ನೂ ದರ್ಶನ ಮಾಡಿದವರಿಗೆ ಪರ್ಗೆಟರಿಯಲ್ಲಿ ಒಟ್ಟು ಸುಮಾರು 19 ಲಕ್ಷ ವರ್ಷದ ರಿಯಾಯಿತಿ! ಲೆಕ್ಕ ಬರೆದಿಟ್ಟವರ ತಾಳ್ಮೆಗೆ ಮೆಚ್ಚಬೇಕು.

ಹಾಗಾದರೆ ಲೂಥರ್ ಜಗಳ ತೆಗೆದದ್ದು ಸಾವಿನ ವಿಷಯಕ್ಕೇನಾ?

ದೊಡ್ಡ ಮಟ್ಟಿಗೆ ಹೌದು. 1517ರಲ್ಲಿ ಯೋಹಾನ್ ಟೆಟ್ಸೆಲ್ ಎಂಬ ಸನ್ಯಾಸಿ ವಿಟೆನ್‌ಬರ್ಗಿನ ಆಚೆ ಗಡಿಯಲ್ಲಿ ಪಾಪದಂಡ ಮನ್ನಾ ಮಾಡುವ ಚೀಟಿ ಮಾರುತ್ತಿದ್ದ. ದುಡ್ಡು ರೋಮಿನ ಸಂತ ಪೇತ್ರರ ಚರ್ಚ್ ಕಟ್ಟುವುದಕ್ಕೆ. ಸತ್ತ ಅಪ್ಪ ಅಮ್ಮನ ಹೆಸರಿಗೂ ಚೀಟಿ ಕೊಳ್ಳಬಹುದಿತ್ತು. ಪೆಟ್ಟಿಗೆಗೆ ಕಾಸು ಬಿದ್ದು ಟಣ್ ಅಂದರೆ ಸಾಕು, ಆತ್ಮ ಮೇಲಕ್ಕೆ ಹಾರುತ್ತದೆ ಎಂಬ ಮಾತು ಹರಡಿತ್ತು. ಲೂಥರನ 95 ವಾದಗಳಲ್ಲಿ 27ನೆಯದು ಈ ಟಣ್ ಶಬ್ದದ ಬಗ್ಗೆಯೇ ಇದೆ. 82ನೆಯದು ಇನ್ನೂ ಚುರುಕು. ದುಡ್ಡಿಗಾಗಿ ಇಷ್ಟೊಂದು ಆತ್ಮಗಳನ್ನು ಬಿಡಿಸುವ ಪೋಪ್, ಬರೀ ಪ್ರೀತಿಗಾಗಿ ಇಡೀ ಪರ್ಗೆಟರಿಯನ್ನೇ ಯಾಕೆ ಖಾಲಿ ಮಾಡಬಾರದು ಎಂದು ಜನ ಕೇಳುತ್ತಾರೆ, ಏನು ಹೇಳೋಣ ಅಂತ.

ಆದರೆ ಆಗಿನ್ನೂ ಲೂಥರ್ ಪರ್ಗೆಟರಿಯನ್ನು ಬಿಟ್ಟಿರಲಿಲ್ಲ. ದುಡ್ಡಿನ ದಂಧೆಯ ಮೇಲಷ್ಟೇ ಅವನ ಸಿಟ್ಟು. ಬೈಬಲ್‌ನಲ್ಲಿ ಅಂಥ ಜಾಗದ ಸುದ್ದಿಯೇ ಇಲ್ಲ ಎಂದು ಜೂರಿಕ್‌ನ ಜ್ವಿಂಗ್ಲಿ 1523ರಲ್ಲೇ ಬರೆದ. ಲೂಥರ್ ಅದನ್ನು ಪೂರ್ತಿ ತಳ್ಳಿಹಾಕಿ ಪುಸ್ತಕ ಬರೆದದ್ದು 1530ರಲ್ಲಿ. ಪರ್ಗೆಟರಿ ಇದೆ, ಪ್ರಾರ್ಥನೆಯಿಂದ ಅಲ್ಲಿನವರಿಗೆ ಸಹಾಯವಾಗುತ್ತದೆ ಎಂದು ಕ್ಯಾಥೋಲಿಕ್ ಚರ್ಚ್ 1563ರಲ್ಲಿ ಟ್ರೆಂಟ್ ಸಭೆಯಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ಅಲ್ಲಿಗೆ ದಾರಿ ಎರಡಾಯಿತು.

ಪರ್ಗೆಟರಿ ಹೋದಮೇಲೆ ಜನಕ್ಕೆ ನಿರಾಳವಾಯಿತಾ?

ಆಗಿರಬೇಕು. ಬೆಂಕಿ ಇಲ್ಲ, ಚೀಟಿ ಇಲ್ಲ, ಖರ್ಚಿಲ್ಲ. ಆದರೆ ಇನ್ನೊಂದು ಮುಖವೂ ಇದೆ, ನನಗೆ ಇಡೀ ವಿಷಯದಲ್ಲಿ ಕಾಡುವುದು ಅದೇ. ಬೆಂಕಿಯ ಜೊತೆ ಸತ್ತವರಿಗೆ ಏನಾದರೂ ಮಾಡುವ ದಾರಿಯೂ ಹೋಯಿತು. ಕೊನೆಯುಸಿರು ಎಳೆದ ಗಳಿಗೆಗೆ ಎಲ್ಲ ತೀರ್ಮಾನವಾಗಿಬಿಟ್ಟಿದೆ. ನೀವು ಅತ್ತರೂ, ದಾನ ಮಾಡಿದರೂ, ಮೊಣಕಾಲೂರಿದರೂ ಅವರಿಗೆ ತಲುಪುವುದಿಲ್ಲ.

ಇದನ್ನು ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದಲ್ಲಿ ಒಂದೇ ಒಂದು ಸರ್ವನಾಮದಲ್ಲಿ ಹಿಡಿಯಬಹುದು. 1549ರ ಪುಸ್ತಕದಲ್ಲಿ ಪಾದ್ರಿ ಹೆಣದ ಮೇಲೆ ಮಣ್ಣು ಹಾಕುತ್ತಾ ಸತ್ತವನ ಜೊತೆಗೇ ಮಾತಾಡುತ್ತಾನೆ: ನಿನ್ನ ಆತ್ಮವನ್ನು ದೇವರಿಗೆ ಒಪ್ಪಿಸುತ್ತೇನೆ, ನಿನ್ನ ದೇಹವನ್ನು ಮಣ್ಣಿಗೆ. ಮೂರೇ ವರ್ಷಕ್ಕೆ, 1552ರಲ್ಲಿ, ಪುಸ್ತಕ ತಿದ್ದುಪಡಿಯಾಯಿತು. ಈಗ ಪಾದ್ರಿ ಸುತ್ತ ನಿಂತವರಿಗೆ ಹೇಳುತ್ತಾನೆ: ಅವನ ದೇಹವನ್ನು ಮಣ್ಣಿಗೆ ಒಪ್ಪಿಸುತ್ತೇವೆ. "ನೀನು" ಎಂದು ಕರೆಸಿಕೊಳ್ಳುತ್ತಿದ್ದವನು "ಅವನು" ಆದ. ಹಳ್ಳದ ಅಂಚಿನಲ್ಲಿ ನಿಂತ ಹೆಂಡತಿಗೆ ಈ ವ್ಯತ್ಯಾಸ ಕೇಳಿಸದೆ ಇದ್ದೀತಾ?

ಅದಕ್ಕೂ ಮೊದಲು, 1547ರಲ್ಲೇ, ಸತ್ತವರ ಹೆಸರಿನ ಪೂಜೆಗೆಂದು ಬಿಟ್ಟಿದ್ದ ದತ್ತಿಗಳನ್ನೆಲ್ಲ ಇಂಗ್ಲೆಂಡಿನ ಸರ್ಕಾರ ಕಾನೂನು ಮಾಡಿ ವಶಪಡಿಸಿಕೊಂಡಿತ್ತು. ಸ್ವಲ್ಪ ಹಣ ಶಾಲೆಗಳಿಗೆ ಹೋಯಿತು, ಜಾಸ್ತಿ ಪಾಲು ರಾಜನ ಖಜಾನೆಗೆ. ಧರ್ಮದ ಜಗಳದಲ್ಲಿ ಖಜಾನೆಗೆ ನಷ್ಟವಾದದ್ದು ಅಪರೂಪ.

ಮತ್ತೆ ಸತ್ತವರು ಎಲ್ಲಿರುತ್ತಾರೆ ಅಂದುಕೊಂಡಿದ್ದರು?

ಲೂಥರನಿಗೆ ನಿದ್ದೆಯ ಹೋಲಿಕೆ ಇಷ್ಟ. ಸತ್ತವರು ಮಲಗಿದ್ದಾರೆ, ಕಡೆಯ ದಿನ ಕ್ರಿಸ್ತ ಬಂದು ಎಬ್ಬಿಸುತ್ತಾನೆ. ಮಲಗಿದವನಿಗೆ ರಾತ್ರಿ ಎಷ್ಟು ಉದ್ದ ಅಂತ ಗೊತ್ತಾಗುತ್ತದಾ? ಕಾಲ್ವಿನ್ ಒಪ್ಪಲಿಲ್ಲ. ಆತ್ಮ ಎಚ್ಚರವಾಗಿಯೇ ದೇವರ ಬಳಿ ಇರುತ್ತದೆ ಎಂದು ವಾದಿಸಿ ಇಪ್ಪತ್ತೈದರ ಆಸುಪಾಸಿನಲ್ಲೇ ಒಂದು ಪುಸ್ತಕ ಬರೆದ. ಅವನು ದೇವರ ವಿಷಯದಲ್ಲಿ ಬರೆದ ಮೊದಲ ಪುಸ್ತಕವೇ ಅದು.

ಸಾಯುವವರ ಹಾಸಿಗೆಯ ಬಳಿ ಏನು ನಡೆಯುತ್ತಿತ್ತು?

ಮೊದಲೆಲ್ಲ ಪಾದ್ರಿ ಬಂದು ಪಾಪನಿವೇದನೆ ಕೇಳಿ, ಎಣ್ಣೆ ಹಚ್ಚಿ, ಪ್ರಸಾದ ಕೊಡುತ್ತಿದ್ದ. ಸಾಯುವುದು ಹೇಗೆಂದು ಕಲಿಸುವ ಚಿತ್ರಪುಸ್ತಕಗಳೂ 15ನೇ ಶತಮಾನದಲ್ಲಿ ಇದ್ದವು. ಮಂಚದ ಸುತ್ತ ಸೈತಾನರು ಮುತ್ತಿಕೊಂಡು ನಂಬಿಕೆ ಬಿಡು, ಇನ್ನು ನಿನಗೆ ಗತಿಯಿಲ್ಲ, ಎಷ್ಟು ನೋವು ತಡೆದುಕೊಳ್ತೀಯ, ನಿನ್ನಂಥ ಪುಣ್ಯವಂತ ಯಾರಿದ್ದಾರೆ, ಆಸ್ತಿ ಏನಾಗುತ್ತೋ ನೋಡು ಎಂದು ಐದು ಥರ ಕಾಡುತ್ತಾರೆ. ದೇವದೂತರು ಧೈರ್ಯ ಹೇಳುತ್ತಾರೆ.

ಪ್ರಾಟೆಸ್ಟಂಟರು ಎಣ್ಣೆಯನ್ನು ಕೈಬಿಟ್ಟರು. ಲೂಥರನ್ನರು ಹಾಸಿಗೆಯ ಬಳಿ ಪ್ರಭುಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸದ ಪ್ರಸಾದ, ಕೊಡುವುದನ್ನು ಉಳಿಸಿಕೊಂಡರು, ಸ್ಕಾಟ್ಲೆಂಡಿನವರು ಅದನ್ನೂ ಬೇಡವೆಂದರು. ಉಳಿದದ್ದು ಮಾತು. ಬೈಬಲ್ ಓದುವುದು, ಕೀರ್ತನೆ ಹೇಳುವುದು, ಸಾಯುವವನ ಬಾಯಿಂದ "ನಂಬಿದ್ದೇನೆ" ಅನ್ನಿಸುವುದು. ಪಾದ್ರಿ ಬರುವುದು ತಡವಾದರೆ ಹೆಂಡತಿಯೋ ಮಗನೋ ಓದಿದರೂ ನಡೆಯುತ್ತಿತ್ತು. ಲೂಥರ್ 1519ರಲ್ಲಿ ಸಾಯಲು ತಯಾರಾಗುವ ಬಗ್ಗೆ ಒಂದು ಪುಟ್ಟ ಪ್ರಸಂಗ, ಅಂದರೆ ಧರ್ಮೋಪದೇಶ, ಬರೆದ. ಕೂಸು ತಾಯಿಯ ಹೊಟ್ಟೆಯ ಇಕ್ಕಟ್ಟಿನಿಂದ ಅಪಾಯದಲ್ಲಿ ತೂರಿಕೊಂಡು ಈ ವಿಶಾಲ ಭೂಮಿಗೆ ಬರುವಂತೆ, ಸಾವಿನ ಸಂದಿಯಲ್ಲಿ ತೂರಿ ಇನ್ನೂ ದೊಡ್ಡ ಜಾಗಕ್ಕೆ ಹೋಗುತ್ತೇವೆ ಅನ್ನುವುದು ಅದರಲ್ಲಿ ಬರುವ ಹೋಲಿಕೆ. ಆ ಕಾಲದಲ್ಲಿ ಬಹಳ ಮರುಮುದ್ರಣ ಕಂಡ ಪುಸ್ತಿಕೆ ಅದು.

ಲೂಥರ್ ತಾನೇ ಹೇಗೆ ಸತ್ತ?

ಸಾಕ್ಷಿಗಳ ಎದುರಿಗೆ. 1546ರ ಫೆಬ್ರವರಿಯಲ್ಲಿ ಮಾನ್ಸ್‌ಫೆಲ್ಡ್ ದೊರೆಗಳ ಜಗಳ ತೀರಿಸಲು ತನ್ನ ಹುಟ್ಟೂರು ಐಸ್ಲೇಬೆನ್‌ಗೆ ಹೋಗಿದ್ದ. ವಯಸ್ಸು 62. 18ರ ನಸುಕಿನಲ್ಲಿ ಎದೆನೋವು ಬಲವಾಯಿತು. "ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ" ಎಂಬ ಕೀರ್ತನೆಯ ಸಾಲನ್ನು ಮತ್ತೆ ಮತ್ತೆ ಹೇಳಿದ. ಮಾತು ನಿಂತಾಗ ಸ್ನೇಹಿತ ಯುಸ್ಟುಸ್ ಯೋನಾಸ್ ಮತ್ತು ಇನ್ನೊಬ್ಬ ಪಾದ್ರಿ ಗಟ್ಟಿ ದನಿಯಲ್ಲಿ ಕೇಳಿದರು: ಕ್ರಿಸ್ತನನ್ನೂ ನೀವು ಬೋಧಿಸಿದ್ದನ್ನೂ ಹಿಡಿದುಕೊಂಡೇ ಸಾಯುತ್ತೀರಾ? "ಹೌದು" ಅಂದ. ಅದೇ ಕೊನೆ.

ಸಾಯುತ್ತಿರುವ ಮನುಷ್ಯನಿಗೆ ಹಾಗೆ ಕೂಗಿ ಕೇಳುವುದು ನಮಗೆ ಒರಟು ಅನಿಸಬಹುದು. ಆದರೆ ಆ ಒಂದು "ಹೌದು"ಗೆ ಎಷ್ಟು ಬೆಲೆ ಇತ್ತು ಅಂತ ಅವರಿಗೆ ಗೊತ್ತಿತ್ತು. ಧರ್ಮದ್ರೋಹಿ ಒದ್ದಾಡಿ ಸಾಯುತ್ತಾನೆ, ಸೈತಾನ ಎಳೆದುಕೊಂಡು ಹೋಗುತ್ತಾನೆ ಎಂದು ವಿರೋಧಿಗಳು ಕಾಯುತ್ತಿದ್ದರು. ಅಂಥ ಕಥೆಗಳನ್ನು ಆಮೇಲೆ ಕಟ್ಟಿಯೂ ಕಟ್ಟಿದರು. ಅದಕ್ಕೇ ಯೋನಾಸ್ ಎಲ್ಲವನ್ನೂ ಕೂಡಲೇ ಬರೆದಿಟ್ಟ, ವರದಿ ಅಚ್ಚಾಯಿತು. ಚಿತ್ರಕಾರನನ್ನು ಕರೆಸಿ ಸತ್ತ ಮುಖವನ್ನು ಬರೆಸಿದರು. ಸಾಯುವ ಎರಡು ದಿನ ಮೊದಲು ಲೂಥರ್ ಗೀಚಿದ್ದ ಚೀಟಿಯೊಂದು ಸಿಕ್ಕಿತು. ಅದರ ಕೊನೆಯ ಸಾಲು: ನಾವು ಭಿಕ್ಷುಕರು, ಇದು ನಿಜ.

ಹೆಣವನ್ನು ವಿಟೆನ್‌ಬರ್ಗಿಗೆ ತಂದು ಹೂತದ್ದು ಕೋಟೆಯ ಚರ್ಚಿನಲ್ಲಿ. ಹೌದು, ಆ 19 ಲಕ್ಷ ವರ್ಷದ ರಿಯಾಯಿತಿ ಕೊಡುತ್ತಿದ್ದ ಚರ್ಚಿನಲ್ಲೇ.

ಅಳಬಾರದು ಅಂತ ನಿಯಮ ಇತ್ತಂತೆ, ನಿಜವಾ?

ಅಳು ತಪ್ಪಲ್ಲ, ಮಿತಿ ಮೀರಿ ಅಳುವುದು ತಪ್ಪು ಅಂತಿತ್ತು. ಪುನರುತ್ಥಾನದಲ್ಲಿ ನಂಬಿಕೆ ಇರುವವರು ಭರವಸೆ ಇಲ್ಲದವರ ಹಾಗೆ ಗೋಳಾಡಬಾರದು ಅನ್ನುವುದು ವಾದ. ಹೇಳುವುದು ಸುಲಭ.

1542ರ ಸೆಪ್ಟೆಂಬರಿನಲ್ಲಿ ಲೂಥರನ ಮಗಳು ಮಗ್ದಲೇನಾ ಹಾಸಿಗೆ ಹಿಡಿದಳು. ಹದಿಮೂರು ವರ್ಷ. ಇಲ್ಲಿ ಈ ಅಪ್ಪನ ಜೊತೆ ಇರಲೂ ನಿನಗೆ ಇಷ್ಟ, ಅಲ್ಲಿರುವ ಅಪ್ಪನ ಹತ್ತಿರ ಹೋಗಲೂ ಇಷ್ಟ, ಅಲ್ವಾ ಮಗಳೇ ಎಂದು ಲೂಥರ್ ಕೇಳಿದ. ಹೌದಪ್ಪಾ, ದೇವರ ಇಷ್ಟದಂತೆ ಅಂದಳು. ಅವನ ತೋಳಿನಲ್ಲೇ ಪ್ರಾಣ ಹೋಯಿತು. ತಾಯಿ ಕಾಥರೀನಾ ಅದೇ ಕೋಣೆಯಲ್ಲಿದ್ದಳು, ಆದರೆ ದುಃಖ ತಡೆಯಲಾರದೆ ಮಂಚದಿಂದ ದೂರ ನಿಂತಿದ್ದಳು. ಪೆಟ್ಟಿಗೆಗೆ ಬಡಗಿ ಮೊಳೆ ಹೊಡೆಯುವಾಗ ಲೂಥರ್, ಹೊಡೀರಿ, ಕಡೆಯ ದಿನ ಅವಳು ಎದ್ದೇ ಏಳುತ್ತಾಳೆ ಅಂದನಂತೆ. ಊಟದ ಮೇಜಿನ ಬಳಿ ಅವನ ಮಾತುಗಳನ್ನು ಬರೆದುಕೊಳ್ಳುತ್ತಿದ್ದ ಶಿಷ್ಯರು ಇದನ್ನೂ ಬಿಟ್ಟಿಲ್ಲ.

ಮೂರು ದಿನದ ಮೇಲೆ ಯೋನಾಸ್‌ಗೆ ಬರೆದ ಕಾಗದದಲ್ಲಿ ಬೇರೆಯೇ ದನಿ ಇದೆ. ಇಷ್ಟು ಒಳ್ಳೆಯ ಸಾವು ಕೊಟ್ಟದ್ದಕ್ಕೆ ನಾನೂ ಹೆಂಡತಿಯೂ ದೇವರಿಗೆ ಬರೀ ಧನ್ಯವಾದ ಹೇಳಬೇಕು, ಆದರೆ ಬಿಕ್ಕಳಿಸದೆ ಅದು ಆಗುತ್ತಿಲ್ಲ, ಅವಳ ಮುಖ, ಮಾತು, ನಡೆ ಎಲ್ಲ ಎದೆಯೊಳಗೆ ನಾಟಿಕೊಂಡಿದೆ, ಕ್ರಿಸ್ತನ ಸಾವು ಕೂಡ ಅದನ್ನು ಪೂರ್ತಿ ತೆಗೆಯಲಾರದು ಎಂದು ಬರೆದ. ಇಡೀ ಜರ್ಮನಿಗೆ ಸಮಾಧಾನ ಹೇಳಿದವನ ಕೈಬರಹ ಇದು. ಅವನ ಪ್ರಸಂಗಗಳಿಗಿಂತ ಈ ಕಾಗದ ನನಗೆ ಜಾಸ್ತಿ ಹತ್ತಿರ.

ದೀಕ್ಷಾಸ್ನಾನ ಆಗುವ ಮೊದಲೇ ಸತ್ತ ಕೂಸುಗಳ ಗತಿ?

ಹಳೆಯ ಉತ್ತರ: ಅವು ಲಿಂಬೋ ಎಂಬ ಅಂಚಿನ ಜಾಗಕ್ಕೆ ಹೋಗುತ್ತವೆ. ನೋವಿಲ್ಲ, ಆದರೆ ದೇವರ ಮುಖವೂ ಕಾಣುವುದಿಲ್ಲ. ಗರ್ಭದಲ್ಲೋ ಹೆರಿಗೆಯಲ್ಲೋ ಮಗು ಕಳೆದುಕೊಂಡ ತಾಯಂದಿರಿಗಾಗಿ ಲೂಥರ್ ಅದೇ 1542ರಲ್ಲಿ ಒಂದು ಸಣ್ಣ ಬರಹ ಬರೆದ. ತಾಯಿ ಮಗುವಿಗಾಗಿ ಪಟ್ಟ ಆಸೆ, ಬಾಯಲ್ಲಿ ಹೇಳಲಾಗದ ನಿಟ್ಟುಸಿರು, ಅದನ್ನೇ ದೇವರು ಪ್ರಾರ್ಥನೆ ಎಂದು ತೆಗೆದುಕೊಳ್ಳುತ್ತಾನೆ ಅಂದ. ಅವಳನ್ನು ಬೈಯಬೇಡಿ, ಹೆದರಿಸಬೇಡಿ ಅಂತಲೂ.

ಸಾವಿನ ಭಯ ಕಡಿಮೆಯಾಯಿತಾ?

ಎಲ್ಲರಿಗೂ ಅಲ್ಲ. ಯಾರು ಉಳಿಯಬೇಕು ಅಂತ ದೇವರು ಮೊದಲೇ ಆರಿಸಿಬಿಟ್ಟಿದ್ದಾನೆ ಎಂದು ಕಾಲ್ವಿನ್ ಕಡೆಯವರು ಹೇಳುತ್ತಿದ್ದರು. ನಂಬಿದವರಿಗೆ ಇದು ಭರವಸೆ ಕೊಡಲಿ ಎಂಬುದು ಉದ್ದೇಶ. ಆದರೆ ರಾತ್ರಿ ನಿದ್ದೆ ಬಾರದವರಿಗೆ ಒಂದೇ ಪ್ರಶ್ನೆ: ಆ ಪಟ್ಟಿಯಲ್ಲಿ ನನ್ನ ಹೆಸರು ಇದೆಯಾ?

ಬಾಸ್ಟನ್‌ನ ನ್ಯಾಯಾಧೀಶ ಸ್ಯಾಮ್ಯುವೆಲ್ ಸ್ಯೂಯಲ್ ದಿನಚರಿ ಬರೆಯುತ್ತಿದ್ದ. 1696ರ ಜನವರಿಯಲ್ಲಿ ಒಂದು ದಿನ ಅವನು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು ವಿಷಯ ಹೇಳಿದಳು. ಹದಿನಾಲ್ಕರ ಮಗಳು ಬೆಟ್ಟಿ ಮಂಕಾಗಿದ್ದಳು. ಊಟವಾದ ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದಂತೆ ಜೋರಾಗಿ ಅಳಲು ಶುರುಮಾಡಿದಳು, ಅವಳನ್ನು ನೋಡಿ ಮನೆಯವರೆಲ್ಲ ಅತ್ತರು. ಯಾಕೆ ಅಂತ ತಾಯಿ ಕೇಳಿದರೆ ಮೊದಲು ಬಾಯಿಬಿಡಲಿಲ್ಲ. ಕೊನೆಗೆ ಹೇಳಿದಳು: ನಾನು ನರಕಕ್ಕೆ ಹೋಗುತ್ತೇನೆ, ನನ್ನ ಪಾಪ ಕ್ಷಮೆಯಾಗಿಲ್ಲ. ಒಂದು ಪ್ರಸಂಗ ಓದಿ ಹುಟ್ಟಿದ ಭಯ ಅದು. ಪುಟ್ಟ ಮಕ್ಕಳು ಭಕ್ತಿಯಿಂದ ಸತ್ತ ಕಥೆಗಳನ್ನು ಮಕ್ಕಳಿಗೇ ಓದಲು ಕೊಡುತ್ತಿದ್ದ ಕಾಲ. ಮಕ್ಕಳು ಸಾಯುತ್ತಲೂ ಇದ್ದರು. ಅದೇ ಊರಿನ ಪ್ರಸಿದ್ಧ ಪಾದ್ರಿ ಕಾಟನ್ ಮ್ಯಾದರ್‌ಗೆ ಹುಟ್ಟಿದವು ಹದಿನೈದು, ಅವನು ಸಾಯುವ ಹೊತ್ತಿಗೆ ಉಳಿದದ್ದು ಎರಡು. ಹೆದರಿಸಿದ್ದು ಕ್ರೌರ್ಯ ಅಂತ ಇವತ್ತು ಅನಿಸುತ್ತದೆ. ಅವರ ಲೆಕ್ಕದಲ್ಲಿ, ಸಿದ್ಧಮಾಡದೆ ಕಳಿಸುವುದೇ ಕ್ರೌರ್ಯ.

ಸ್ಮಶಾನ ಊರ ಹೊರಗೆ ಹೋದದ್ದು ಪ್ರಾಟೆಸ್ಟಂಟರಿಂದಲಾ?

ಪೂರ್ತಿ ಅಲ್ಲ. ಜನ ಹೆಚ್ಚಾಗಿ, ಪ್ಲೇಗ್ ಬಂದು, ಜಾಗ ಸಾಲದೆ ಕೆಲವು ಊರುಗಳು ಮೊದಲೇ ಶುರುಮಾಡಿದ್ದವು. ಆದರೆ ದಾರಿ ಸಲೀಸಾದದ್ದು ಹೊಸ ನಂಬಿಕೆಯಿಂದ. ಸಂತರ ಮೂಳೆಯ ಪಕ್ಕ, ಪೀಠದ ಹತ್ತಿರ ಹೂತರೆ ಲಾಭ ಅನ್ನುವ ಕಾರಣಕ್ಕೇ ಎಲ್ಲರಿಗೂ ಚರ್ಚಿನ ಅಂಗಳ ಬೇಕಿತ್ತು. ಆ ಲಾಭವೇ ಇಲ್ಲ ಅಂದಮೇಲೆ ಊರಾಚೆ ಹೂಳಲು ಏನಡ್ಡಿ? ವಿಟೆನ್‌ಬರ್ಗಿನ ಚರ್ಚ್ ಅಂಗಳ ನಾಲ್ಕೈದು ಓಣಿ ಕೂಡುವ ಗಲಾಟೆಯ ಜಾಗ, ಜನ ದನ ಎಲ್ಲ ತುಳಿದಾಡುತ್ತಾರೆ, ಸ್ಮಶಾನ ಶಾಂತವಾಗಿರಬೇಕು, ಊರ ಹೊರಗಿರಲಿ ಎಂದು ಲೂಥರ್ 1527ರಲ್ಲಿ ಬರೆದ.

ಹಾಲೆ ಎಂಬ ಊರಿನಲ್ಲಿ 1557ರಿಂದ ಕಟ್ಟಿದ ಸ್ಮಶಾನ ಇವತ್ತಿಗೂ ಇದೆ. ಚೌಕದ ಸುತ್ತ 94 ಕಮಾನುಗಳು, ಒಂದೊಂದರ ಕೆಳಗೂ ಒಂದೊಂದು ಮನೆತನ. ಇಂಥ ಜಾಗಕ್ಕೆ ಜರ್ಮನ್ನರ ಹೆಸರು ಗೊಟೆಸ್‌ಆಕರ್, ಅಂದರೆ ದೇವರ ಹೊಲ. ಬೀಜ ಬಿತ್ತಿದ್ದೇವೆ, ಬೆಳೆ ಬರುವುದು ಬಾಕಿ ಅನ್ನುವ ಭಾವ. ಒಕ್ಕಲುತನ ಗೊತ್ತಿರುವವರಿಗೆ ಇದಕ್ಕಿಂತ ವಿವರಣೆ ಬೇಡ. 18ನೇ ಶತಮಾನದ ಮೊರೇವಿಯನ್ನರು ಎಂಬ ಪ್ರಾಟೆಸ್ಟಂಟ್ ಪಂಗಡದವರು ಇನ್ನೂ ಮುಂದೆ ಹೋದರು. ಅವರ ದೇವರ ಹೊಲದಲ್ಲಿ ಎಲ್ಲರಿಗೂ ಒಂದೇ ಥರದ ಮಲಗಿಸಿದ ಕಲ್ಲು. ಗಂಡ ಹೆಂಡತಿಯನ್ನೂ ಅಕ್ಕಪಕ್ಕ ಹೂಳುವುದಿಲ್ಲ. ಗಂಡಸರು ಒಂದು ಸಾಲಿಗೆ, ಹೆಂಗಸರು ಇನ್ನೊಂದಕ್ಕೆ.

ಶವಸಂಸ್ಕಾರ ಎಲ್ಲ ಕಡೆ ಒಂದೇ ಥರ ಇತ್ತಾ?

ಇಲ್ಲವೇ ಇಲ್ಲ. ಸ್ಕಾಟ್ಲೆಂಡಿನವರು 1560ರಲ್ಲೇ ಹಾಡೂ ಬೇಡ, ಓದೂ ಬೇಡ, ಪ್ರಸಂಗವೂ ಬೇಡ ಅಂದರು. ಸುಮ್ನೆ ಗಂಭೀರವಾಗಿ ತಂದು ಮಣ್ಣು ಮಾಡಿ ಮನೆಗೆ ಹೋಗಿ. ಪ್ರಾರ್ಥಿಸಿದರೆ ಎಲ್ಲಿ ಮತ್ತೆ ಸತ್ತವರಿಗಾಗಿ ಅಂದುಕೊಳ್ಳುತ್ತಾರೋ ಎಂಬ ಭಯ. 1645ರಲ್ಲಿ ಇಂಗ್ಲೆಂಡಿನ ಪ್ಯೂರಿಟನ್ನರೂ ಹೆಚ್ಚುಕಡಿಮೆ ಇದನ್ನೇ ನಿಯಮ ಮಾಡಿದರು.

ಲೂಥರನ್ನರದು ಇದಕ್ಕೆ ತದ್ವಿರುದ್ಧ. ಗಂಟೆ, ಮೆರವಣಿಗೆ, ಶಾಲೆಯ ಹುಡುಗರ ಹಾಡು. ದುಡ್ಡಿಗೆ ತಕ್ಕಂತೆ ಇಡೀ ಶಾಲೆ, ಅರ್ಧ ಶಾಲೆ, ಕಾಲು ಶಾಲೆ! ನಮ್ಮದು ಗೋಳಿನ ಹಾಡಲ್ಲ, ಸಮಾಧಾನದ ಹಾಡು ಎಂದು ಲೂಥರ್ ಶವಸಂಸ್ಕಾರದ ಹಾಡುಗಳ ಸಂಗ್ರಹಕ್ಕೆ ಮುನ್ನುಡಿ ಬರೆದದ್ದೂ ಮಗಳು ಸತ್ತ ಆ 1542ರಲ್ಲೇ.

ಸರಳತೆಯ ಬಗ್ಗೆ ಅಷ್ಟು ಮಾತಾಡಿದ ಬಾಸ್ಟನ್ನಿನವರು ಕೊನೆಗೆ ಕೈಗವಸಿಗೆ ಸೋತರು. ಸಾವಿಗೆ ಬಂದವರಿಗೆ ಕೈಗವಸು, ಉಂಗುರ ಹಂಚುವುದು ಎಷ್ಟು ಬೆಳೆಯಿತೆಂದರೆ 18ನೇ ಶತಮಾನದಲ್ಲಿ ಖರ್ಚಿಗೆ ಕಡಿವಾಣ ಹಾಕಲು ಕಾನೂನು ಮಾಡಬೇಕಾಯಿತು.

ಶವಸಂಸ್ಕಾರದಲ್ಲಿ ಪಾದ್ರಿ ಮಾಡಿದ ಪ್ರಸಂಗವನ್ನು ಅಚ್ಚು ಹಾಕಿಸುತ್ತಿದ್ದರಂತೆ?

ಹೌದು, ಲೂಥರನ್ ಜರ್ಮನಿಯ ದೊಡ್ಡ ಗೀಳು ಅದು. 1550ರಿಂದ 1750ರವರೆಗೆ ನಡೆಯಿತು. 2 ಲಕ್ಷಕ್ಕೂ ಹೆಚ್ಚು ಇನ್ನೂ ಉಳಿದಿವೆ ಎಂದು ಅಂದಾಜು. ಮಾರ್‌ಬುರ್ಗ್‌ನಲ್ಲಿ ಇವುಗಳ ಅಧ್ಯಯನಕ್ಕೆಂದೇ ಒಂದು ಕೇಂದ್ರ ಇದೆ. ಮೊದಲು ಬೈಬಲ್ ವಾಕ್ಯದ ವಿವರಣೆ, ಆಮೇಲೆ ಸತ್ತವರ ಜೀವನ ಚರಿತ್ರೆ: ತಂದೆ ತಾಯಿ, ಓದು, ಮದುವೆ, ಎಷ್ಟು ಮಕ್ಕಳು, ಯಾವ ಕಾಯಿಲೆ, ಕೊನೆಯ ಮಾತು ಏನು. ಕೊನೆಗೆ ನೆಂಟರಿಷ್ಟರ ಪದ್ಯಗಳು. ಕೆಲವರು ತಮ್ಮ ಭಾಗವನ್ನು ತಾವೇ ಮುಂಚೆ ಬರೆದಿಟ್ಟು ಹೋಗುತ್ತಿದ್ದರು.

ಬಡವರಿಗೆ ಇದು ಕೈಗೆಟುಕುತ್ತಿರಲಿಲ್ಲ. ಆದರೂ ಹೆಂಗಸರ ಬದುಕಿನ ಬಗ್ಗೆ ಇಷ್ಟು ವಿವರ ಆ ಕಾಲದ ಬೇರೆ ಕಾಗದಗಳಲ್ಲಿ ಸಿಗುವುದು ಕಷ್ಟ. ಸತ್ತವರಿಗಾಗಿ ಪೂಜೆ ಮಾಡಿಸಲು ಆಗದವರು ಅವರ ಬಗ್ಗೆ ಪುಸ್ತಕ ಮಾಡಿಸಿದರು. ಮನಸ್ಸು ಎಲ್ಲಾದರೂ ಒಂದು ದಾರಿ ಹುಡುಕಿಕೊಳ್ಳುತ್ತದೆ.

ಸಂಗೀತದಲ್ಲೂ ಸಾವು ಇಷ್ಟೊಂದು ಯಾಕೆ?

ಗೇರಾ ಎಂಬ ಊರಿನ ದೊರೆ ಹೈನ್ರಿಕ್ ಪೋಸ್ಟುಮುಸ್ ರಾಯ್ಸ್ ತನ್ನ ಶವಪೆಟ್ಟಿಗೆಯನ್ನು ಬದುಕಿದ್ದಾಗಲೇ ಗುಟ್ಟಾಗಿ ಮಾಡಿಸಿಟ್ಟಿದ್ದ. ತಾಮ್ರದ ಪೆಟ್ಟಿಗೆ. ಮುಚ್ಚಳ, ಪಕ್ಕ, ತಲೆಯ ಕಡೆ, ಕಾಲಿನ ಕಡೆ, ಎಲ್ಲಿ ಯಾವ ಬೈಬಲ್ ಸಾಲು, ಯಾವ ಹಾಡಿನ ಚರಣ ಅಂತ ತಾನೇ ಆರಿಸಿದ್ದ. 1635ರ ಡಿಸೆಂಬರಿನಲ್ಲಿ ಅವನು ಸತ್ತ. ಆ ಪೆಟ್ಟಿಗೆಯ ಮೇಲಿನ ಸಾಲುಗಳಿಗೇ ಹೈನ್ರಿಕ್ ಶೂಟ್ಸ್ ರಾಗ ಕಟ್ಟಿದ. 1636ರ ಫೆಬ್ರವರಿಯಲ್ಲಿ ಶವಸಂಸ್ಕಾರದ ದಿನ ಅದನ್ನು ಹಾಡಿದರು. ಮೂವತ್ತು ವರ್ಷದ ಯುದ್ಧದ ನಡುವೆ ಇದೆಲ್ಲ.

ಇನ್ನೊಂದು ಬದಿಯೂ ಇದೆ. ಸಂಗೀತಗಾರ ಬಾಖ್ 1730ರಲ್ಲಿ ಲೈಪ್‌ಜಿಗ್‌ನಿಂದ ಗೆಳೆಯನಿಗೆ ಬರೆದ ಕಾಗದದಲ್ಲಿ ಸಂಪಾದನೆಯ ಗೋಳು ಹೇಳಿಕೊಂಡಿದ್ದಾನೆ. ಜನ ಜಾಸ್ತಿ ಸತ್ತರೆ ಮೇಲುಸಂಪಾದನೆ ಏರುತ್ತದೆ, ಊರಿನ ಗಾಳಿ ಚೆನ್ನಾಗಿದ್ದರೆ ಇಳಿಯುತ್ತದೆ, ಹೋದ ವರ್ಷ ಸಾವಿನ ಬಾಬತ್ತಿನಲ್ಲೇ ನೂರು ಥಾಲರಿಗೂ ಮೇಲೆ ಖೋತಾ ಅಂತ. ಸಾವನ್ನು ಸಿಹಿ ಗಳಿಗೆ ಎಂದು ಕರೆಯುವ ಹಾಡಿಗೆ ಅಷ್ಟು ಚೆಂದ ರಾಗ ಕಟ್ಟಿದವನೂ ಇವನೇ.

ಪ್ಲೇಗ್ ಬಂದಾಗ ಊರು ಬಿಡಬಹುದಿತ್ತಾ?

1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯ ಯೇನಾಗೆ ಗಂಟು ಕಟ್ಟಿತು. ಲೂಥರ್ ಹೋಗಲಿಲ್ಲ. ಬಸುರಿ ಹೆಂಡತಿ ಮನೆಯಲ್ಲಿದ್ದಳು, ಮನೆಯೇ ಆಸ್ಪತ್ರೆಯಾಯಿತು. ಆಗಲೇ ಅವನು ಈ ಪ್ರಶ್ನೆಗೆ ಉತ್ತರ ಬರೆದದ್ದು. ಪಾದ್ರಿ, ಅಧಿಕಾರಿ, ರೋಗಿಯನ್ನು ನೋಡಿಕೊಳ್ಳಬೇಕಾದವರು ಬಿಟ್ಟು ಹೋಗಬಾರದು. ಬೇರೆಯವರು ಹೋದರೆ ಪಾಪವಿಲ್ಲ. ಔಷಧಿ ತೊಗೊಳ್ಳಿ, ಮನೆಗೆ ಹೊಗೆ ಹಾಕಿ, ಬೇಕಿಲ್ಲದ ಕಡೆ ಓಡಾಡಬೇಡಿ. ಕೊರೊನಾ ಕಾಲದಲ್ಲಿ ಈ ಬರಹ ಮತ್ತೆ ಕೈಯಿಂದ ಕೈಗೆ ಓಡಾಡಿತು. ಸ್ಮಶಾನ ಊರ ಹೊರಗಿರಲಿ ಎಂಬ ಮಾತೂ ಇದರ ಕೊನೆಯಲ್ಲೇ ಬರುವುದು.

ಪರ್ಗೆಟರಿ ಇಲ್ಲ ಅಂದಮೇಲೆ ದೆವ್ವಗಳು ಎಲ್ಲಿಂದ ಬರುತ್ತವೆ?

ಒಳ್ಳೆ ಪ್ರಶ್ನೆ, ಅವರಿಗೂ ತಲೆನೋವಾಗಿತ್ತು. ಸ್ವರ್ಗದಿಂದ ಯಾರೂ ಬರುವುದಿಲ್ಲ, ನರಕದಿಂದ ಬಿಡುವುದಿಲ್ಲ. ಜೂರಿಕ್‌ನ ಪಾದ್ರಿ ಲುಡ್ವಿಗ್ ಲಾವಾಟರ್ 1569ರಲ್ಲಿ ಈ ಬಗ್ಗೆ ಇಡೀ ಪುಸ್ತಕವನ್ನೇ ಬರೆದ. ಹೆಚ್ಚಿನವು ಕಣ್ಣಿನ ಭ್ರಮೆ, ಇಲಿ ಬೆಕ್ಕಿನ ಸದ್ದು, ಇಲ್ಲವೇ ಯಾರದೋ ಮೋಸ. ಉಳಿದವು ಸತ್ತವರ ವೇಷ ಹಾಕಿದ ಸೈತಾನ. ಜನ ದೆವ್ವ ನೋಡುವುದನ್ನು ಬಿಟ್ಟರಾ? ಇಲ್ಲ. ಶೇಕ್ಸ್‌ಪಿಯರನ ನಾಟಕದ ರಾಜಕುಮಾರ ಹ್ಯಾಮ್ಲೆಟ್ ಓದಿದ್ದು ವಿಟೆನ್‌ಬರ್ಗ್‌ನಲ್ಲಿ, ಆದರೆ ಅವನಪ್ಪನ ದೆವ್ವ ಬರುವುದು ಪಾಪ ಸುಟ್ಟು ಶುದ್ಧಿಯಾಗುವ ಬೆಂಕಿಯಿಂದ. ಅದು ಅಪ್ಪನೋ ಸೈತಾನನೋ ಅಂತ ಆ ಹುಡುಗ ಅಷ್ಟು ತಲೆಕೆಡಿಸಿಕೊಂಡದ್ದು ಸುಮ್ಮನೆ ಅಲ್ಲ.

ಸತ್ತವರನ್ನು ನೆನೆಯಲು ಒಂದು ದಿನವೂ ಉಳಿಯಲಿಲ್ಲವಾ?

ನವೆಂಬರ್ 2ರ ಸಕಲ ಆತ್ಮಗಳ ದಿನವನ್ನು ತೆಗೆದುಹಾಕಿದರು. ಸುಮಾರು ಮುನ್ನೂರು ವರ್ಷದ ಮೇಲೆ, 1816ರಲ್ಲಿ, ಪ್ರಷ್ಯಾದ ದೊರೆ ಮೂರನೇ ಫ್ರೆಡರಿಕ್ ವಿಲಿಯಂ ತನ್ನ ರಾಜ್ಯದ ಪ್ರಾಟೆಸ್ಟಂಟರಿಗೆ ಸತ್ತವರ ಭಾನುವಾರ ಎಂದು ಒಂದು ದಿನ ಗೊತ್ತುಮಾಡಿದ. ಅದೂ ನವೆಂಬರಿನಲ್ಲೇ ಬರುತ್ತದೆ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ಇದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್‌ನವರು ಇದೇ ಜರ್ಮನ್, ಸ್ವಿಸ್ ಭಕ್ತಿಯಲ್ಲಿ ಬೆಳೆದವರು. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, ನಿಘಂಟು ಕೊಟ್ಟ ಕಿಟೆಲ್ ಬಂದದ್ದೂ ಈ ಮಿಶನ್ನಿನಿಂದಲೇ. ಅವರ ಹಾಡುಗಳು ಕನ್ನಡಕ್ಕೆ ಬಂದವು, ಜೊತೆಗೆ ಸಾವನ್ನು ಹೇಳುವ ರೀತಿಯೂ ಬಂತು. ಕನ್ನಡ ಬೈಬಲ್‌ನಲ್ಲಿ ಸತ್ತವರು "ನಿದ್ರೆಹೋದವರು". ಮೂಲದಲ್ಲಿ ಅದು ಬೈಬಲ್‌ನ ಪತ್ರಗಳನ್ನು ಬರೆದ ಪೌಲನ ಮಾತು, ಆದರೆ ಲೂಥರನ ಬಾಯಲ್ಲಿ ಪಳಗಿದ ಮಾತು.

ಇದನ್ನೆಲ್ಲ ಕಣ್ಣಾರೆ ನೋಡಬೇಕಾದರೆ ಎಲ್ಲಿಗೆ ಹೋಗಬೇಕು?

ಹಾಲೆಯ ಕಮಾನಿನ ಸ್ಮಶಾನ ಮೊದಲು. ಬಾಸ್ಟನ್‌ನಲ್ಲಿ 1660ರ ಗ್ರ್ಯಾನರಿ ಸ್ಮಶಾನ ಇದೆ, ಅಲ್ಲಿನ ಕಲ್ಲುಗಳ ಮೇಲೆ ರೆಕ್ಕೆ ಇರುವ ತಲೆಬುರುಡೆಗಳು ಹಲ್ಲು ಕಿರಿಯುತ್ತಿರುತ್ತವೆ.

ಜಿನೀವಾದಲ್ಲಿ ಕಾಲ್ವಿನ್ ಸಮಾಧಿ ಹುಡುಕಿಕೊಂಡು ಹೋದರೆ ಒಂದು ಎಚ್ಚರಿಕೆ. 1564ರಲ್ಲಿ ಸತ್ತಾಗ ತನ್ನ ಗುರುತು ಇರಬಾರದೆಂದು ಅವನೇ ಕೇಳಿಕೊಂಡಿದ್ದ. ಎಲ್ಲರನ್ನೂ ಹೂಳುವ ಜಾಗದಲ್ಲಿ, ಕಲ್ಲಿಲ್ಲದೆ ಹೂತರು. ಈಗ ಅಲ್ಲಿ ಅವನ ಹೆಸರಿನ ಒಂದು ಕಲ್ಲು, ಸುತ್ತ ಪುಟ್ಟ ಬೇಲಿ ಇದೆ. ಬಹಳ ಕಾಲದ ಮೇಲೆ ಯಾರೋ ಅಂದಾಜಿನಲ್ಲಿ ಇಟ್ಟದ್ದು. ಐಸ್ಲೇಬೆನ್‌ನಲ್ಲಿ "ಲೂಥರ್ ಸತ್ತ ಮನೆ" ಎಂಬ ಮ್ಯೂಸಿಯಂ ಇದೆ. ಅವನ ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಟ್ಟೆಯನ್ನು ಅಲ್ಲಿ ಇಟ್ಟಿದ್ದಾರೆ. ಆದರೆ ಅವನು ಸತ್ತದ್ದು ಆ ಮನೆಯಲ್ಲಲ್ಲ. ಹಳೆಯ ಚರಿತ್ರೆಕಾರನೊಬ್ಬ ಮನೆಯ ಗುರುತು ತಪ್ಪಿದ್ದ. ನಿಜವಾದ ಜಾಗ ಅಲ್ಲೇ ಮಾರುಕಟ್ಟೆ ಚೌಕದಲ್ಲಿದೆ, ಈಗ ಅಲ್ಲೊಂದು ಹೋಟೆಲ್ ನಡೆಯುತ್ತಿದೆ.